ಒಂದೇ ಊರು ಹಿಡಿದು ಕೂತರೆ ಸಾಕು: ವಿಲ್ಟ್‌ಷೈರಿನ ಹಳೆಯ ಕಟ್ಟಡಗಳನ್ನು ನೋಡುವ ಕ್ರಮ

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಮಕ್ಕಳ ಮನೆಗೆ ಬಂದು ಎರಡು ಮೂರು ತಿಂಗಳು ಉಳಿಯುವ ಅಪ್ಪ ಅಮ್ಮಂದಿರಿಗೆ ಲಂಡನ್ ಮುಗಿದ ಮೇಲೆ ಸಿಗುವುದು ಒಂದು ದಿನದ ಕೋಚ್ ಪ್ರವಾಸ: ಬೆಳಿಗ್ಗೆ ವಿಂಡ್ಸರ್, ಮಧ್ಯಾಹ್ನ ಸ್ಟೋನ್‌ಹೆಂಜ್, ಸಂಜೆ ಬಾತ್. ಮೂರನ್ನೂ ನೋಡಿದ ಹಾಗಾಗುತ್ತದೆ, ಒಂದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅದರ ಬದಲು ವಿಲ್ಟ್‌ಷೈರ್ ಎಂಬ ಒಂದೇ ಜಿಲ್ಲೆ ಹಿಡಿಯಿರಿ. ಸಾಲ್ಸ್‌ಬರಿಯಲ್ಲಿ ಮೂರು ರಾತ್ರಿ ಉಳಿದರೆ 4,500 ವರ್ಷದ ಹಿಂದಿನ ಕಲ್ಲಿನ ವೃತ್ತವಾದ ಸ್ಟೋನ್‌ಹೆಂಜ್, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕೋಟೆಯ ಅವಶೇಷ, 13ನೇ ಶತಮಾನದ ಕೆಥೀಡ್ರಲ್, ನಾರ್ಮನ್ನರಿಗಿಂತ ಹಿಂದಿನ ಸ್ಯಾಕ್ಸನ್ನರ, ಸಾಸಿವೆ ಡಬ್ಬಿಯಷ್ಟು ಪುಟ್ಟ ಚರ್ಚ್, ಸನ್ಯಾಸಿನಿಯರ ಮಠದ ದೊಡ್ಡ ಕಣಜ, ಎಲ್ಲವೂ ಸುಮಾರು 60 ಕಿ.ಮೀ. ಒಳಗೇ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರು ಬೇಡ. ಮುಕ್ಕಾಲು ಪಾಲು ಜನ ಸ್ಟೋನ್‌ಹೆಂಜ್‌ಗೆಂದು ಬರುತ್ತಾರೆ, ಆದರೆ ಆಳವಾಗಿ ನೋಡಲು ಸಿಗುವುದು ಉಳಿದವುಗಳಲ್ಲೇ.

1. ದಿನ ಗೊತ್ತು ಮಾಡುವುದು

ಮೇ ಮತ್ತು ಸೆಪ್ಟೆಂಬರ್ ಒಳ್ಳೆಯದು. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತೂಕಾಲರವರೆಗೆ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಆದರೆ ಬೆಳಕಿದ್ದ ಮಾತ್ರಕ್ಕೆ ಕಟ್ಟಡ ತೆರೆದಿರುವುದಿಲ್ಲ. ಬೇಸಿಗೆಯಲ್ಲೂ ಹೆಚ್ಚಿನ ಜಾಗಗಳು ಐದು ಗಂಟೆಯ ಹೊತ್ತಿಗೆ ಮುಚ್ಚುತ್ತವೆ. ಜಾಲತಾಣದಲ್ಲಿ ನೋಡಬೇಕಾದದ್ದು ಮುಚ್ಚುವ ಸಮಯವಲ್ಲ, ‘ಕೊನೆಯ ಪ್ರವೇಶ’ದ ಸಮಯ. ಅದು ಅರ್ಧ ಗಂಟೆಯಿಂದ ಎರಡು ಗಂಟೆಯಷ್ಟು ಮುಂಚೆ ಇರುತ್ತದೆ.

ಹಳೆಯ ಬಂಗಲೆಗಳಲ್ಲಿ ಹಲವು ನವೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಒಳಗೆ ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ಪರದೆ, ಪುಸ್ತಕ, ಪೀಠೋಪಕರಣಗಳ ಧೂಳು ತೆಗೆದು ದುರಸ್ತಿ ಮಾಡುತ್ತಾರೆ. ತೋಟ ಮಾತ್ರ ತೆರೆದಿರುತ್ತದೆ. ‘ತೆರೆದಿದೆ’ ಎಂದು ಫೋನ್ ತೋರಿಸಿದರೂ ಮನೆಯೋ ತೋಟವೋ ಎಂದು ನೋಡಿಕೊಳ್ಳದೆ ಹೋದವರು ಟೀ ಕುಡಿದು ವಾಪಸ್ ಬರುತ್ತಾರೆ. ಖಾಸಗಿ ಬಂಗಲೆಗಳು ಮದುವೆ ಸಮಾರಂಭಕ್ಕೆಂದು ಶನಿವಾರ ಮುಚ್ಚುವುದೂ ಉಂಟು.

ಕಾರಿಲ್ಲದವರು ಭಾನುವಾರವನ್ನು ರೈಲಿನ ಜಾಗಕ್ಕೆ ಅಥವಾ ಸಾಲ್ಸ್‌ಬರಿ ಊರಿಗೇ ಇಟ್ಟುಕೊಳ್ಳಿ. ಹಳ್ಳಿ ಬಸ್ಸುಗಳು ಅಂದು ತೀರಾ ಕಡಿಮೆ, ಕೆಲವು ದಾರಿಗಳಲ್ಲಿ ಇಲ್ಲವೇ ಇಲ್ಲ. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ, ಆಗಸ್ಟ್‌ನ ಕೊನೆಯ ಸೋಮವಾರ ಸಾರ್ವತ್ರಿಕ ರಜೆ. ಆ ವಾರಾಂತ್ಯಗಳಲ್ಲಿ ಹೋಟೆಲಿನ ಬೆಲೆ ಏರುತ್ತದೆ, ರಸ್ತೆ ಕಟ್ಟಿಕೊಳ್ಳುತ್ತದೆ.

2. ಟಿಕೆಟ್, ಸದಸ್ಯತ್ವ, ಮತ್ತು ಕೌಂಟರಿನ ಆ ಒಂದು ಪ್ರಶ್ನೆ

ಕಟ್ಟಡ ಯಾರ ಕೈಯಲ್ಲಿದೆ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್‌ನ ಬಳಿ ಬಂಗಲೆ, ತೋಟ, ಊರಿಗೆ ಊರೇ ಇರುವ ಆಸ್ತಿಗಳಿವೆ. ಲೇಕಾಕ್ ಹಳ್ಳಿ, ಏವ್ಬರಿಯ ಕಲ್ಲಿನ ವೃತ್ತ ಅದರವು. ಇಂಗ್ಲಿಷ್ ಹೆರಿಟೇಜ್ ನೋಡಿಕೊಳ್ಳುವುದು 400ಕ್ಕೂ ಹೆಚ್ಚು ಜಾಗಗಳನ್ನು: ಕೋಟೆ, ಪಾಳುಬಿದ್ದ ಮಠ, ಶಿಲಾಯುಗದ ತಾಣಗಳು. ಸ್ಟೋನ್‌ಹೆಂಜ್ ಮತ್ತು ಓಲ್ಡ್ ಸಾರಮ್ ಇದರ ಪಾಲು. ಇದರ ಅರ್ಧಕ್ಕಿಂತ ಹೆಚ್ಚು ತಾಣಗಳಿಗೆ ಟಿಕೆಟ್ಟೇ ಇಲ್ಲ, ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬಳಕೆ ನಿಂತ ಹಳೆಯ ಚರ್ಚುಗಳನ್ನು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಕಾಪಾಡುತ್ತದೆ. ಮನೆತನದವರು ಇನ್ನೂ ವಾಸವಿರುವ ಬಂಗಲೆಗಳ ಒಕ್ಕೂಟಕ್ಕೆ ಹಿಸ್ಟಾರಿಕ್ ಹೌಸಸ್ ಎಂದು ಹೆಸರು.

ಮಕ್ಕಳು ಅಲ್ಲೇ ನೆಲೆಸಿದ್ದರೆ ಅವರ ಹೆಸರಲ್ಲಿ ವರ್ಷದ ಕುಟುಂಬ ಸದಸ್ಯತ್ವ ಮಾಡಿಸಿಕೊಳ್ಳಬಹುದು. ನ್ಯಾಷನಲ್ ಟ್ರಸ್ಟ್ ಸದಸ್ಯರಿಗೆ ಅದರ ಸ್ಟಿಕರ್ ಇದ್ದರೆ ಅವರ ಜಾಗಗಳಲ್ಲಿ ಪಾರ್ಕಿಂಗ್ ಕೂಡ ಬಿಟ್ಟಿ. ಅದೇ ಕಾರ್ಡಿಗೆ ಸ್ಟೋನ್‌ಹೆಂಜ್‌ನಲ್ಲೂ ಟಿಕೆಟ್ ಬೇಡ, ಸುತ್ತಲಿನ ಹುಲ್ಲುಗಾವಲು ಅದೇ ಟ್ರಸ್ಟಿನದು. ಸಮಯ ಮಾತ್ರ ಮೊದಲೇ ಕಾಯ್ದಿರಿಸಬೇಕು. ಊರಿನಿಂದ ಬಂದವರಿಗೆ ಇಂಗ್ಲಿಷ್ ಹೆರಿಟೇಜ್‌ನವರು ಕೆಲವು ದಿನಗಳ ವಿದೇಶಿ ಪ್ರವಾಸಿ ಪಾಸ್ ಕೊಡುತ್ತಾರೆ. ದೊಡ್ಡ ಜಾಗ ಮೂರಾದರೂ ನೋಡುವುದಿದ್ದರೆ ಲೆಕ್ಕ ಹಾಕಿ ನೋಡಿ, ಬರೀ ಸ್ಟೋನ್‌ಹೆಂಜ್ ಒಂದಕ್ಕಾದರೆ ಬೇಡ.

ಟಿಕೆಟ್ ಕೊಡುವವರು ‘ಗಿಫ್ಟ್ ಏಡ್ ಸೇರಿಸಲೇ?’ ಎಂದು ಕೇಳುತ್ತಾರೆ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಕೊಟ್ಟ ಪ್ರತಿ ಪೌಂಡಿಗೆ ಸಂಸ್ಥೆ ಸರ್ಕಾರದಿಂದ 25 ಪೆನ್ಸ್ ಮರಳಿ ಪಡೆಯುವ ಏರ್ಪಾಡು ಇದು. ನೀವು ಅಲ್ಲಿ ತೆರಿಗೆ ಕಟ್ಟುವವರಲ್ಲದಿದ್ದರೆ ‘ನೋ’ ಎನ್ನಿ, ಅದರಲ್ಲಿ ಸಂಕೋಚವೇನೂ ಬೇಡ. ಆನ್‌ಲೈನ್‌ನಲ್ಲಿ ದಾನ ಸೇರಿಸಿದ ದರವೇ ಮೊದಲು ಕಾಣುವುದುಂಟು, ಕೆಳಗೆ ಇಳಿದು ಮಾಮೂಲಿ ದರ ಆರಿಸಿಕೊಳ್ಳಿ. ಟಿಕೆಟ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ಹಳ್ಳಿಗಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ.

3. ತಲುಪುವುದು

ಲಂಡನ್ ವಾಟರ್‌ಲೂ ನಿಲ್ದಾಣದಿಂದ ಸಾಲ್ಸ್‌ಬರಿಗೆ ನೇರ ರೈಲು, ಸುಮಾರು ಒಂದೂವರೆ ಗಂಟೆ. ರೆಡಿಂಗ್‌ನಿಂದಾದರೆ ಬೇಸಿಂಗ್‌ಸ್ಟೋಕ್‌ನಲ್ಲಿ ಬದಲಾಯಿಸಬೇಕು. ಮೂವರಿಂದ ಒಂಬತ್ತು ಜನ ಒಟ್ಟಿಗೆ ಹೊರಟರೆ ದಟ್ಟಣೆಯಿಲ್ಲದ ಹೊತ್ತಿನ ಟಿಕೆಟ್‌ನಲ್ಲಿ ‘ಗ್ರೂಪ್‌ಸೇವ್’ ಎಂಬ ಮೂರನೇ ಒಂದು ಪಾಲಿನ ರಿಯಾಯಿತಿ ಇದೆ. ಅದಕ್ಕೆ ಕಾರ್ಡು ಬೇಡ, ಬುಕ್ ಮಾಡುವಾಗ ಆರಿಸಿದರಾಯಿತು. ಸಾಲ್ಸ್‌ಬರಿ ನಿಲ್ದಾಣದಿಂದ ಊರ ನಡುವಿಗೆ ಹತ್ತು ನಿಮಿಷದ ನಡಿಗೆ, ಉಳಿಯುವ ಜಾಗ ಈ ಎರಡರ ಮಧ್ಯೆ ಇರಲಿ.

4. ಮೊದಲ ದಿನ: ಬೆಟ್ಟದ ಮೇಲಿನ ಊರು, ಕೆಳಗಿಳಿದ ಊರು

ಸಾಲ್ಸ್‌ಬರಿ ಅರ್ಥವಾಗಬೇಕಾದರೆ ಮೊದಲು ಊರಾಚೆ ಮೂರು ಕಿ.ಮೀ. ಉತ್ತರಕ್ಕಿರುವ ಓಲ್ಡ್ ಸಾರಮ್‌ಗೆ ಹೋಗಿ. ಏಮ್ಸ್‌ಬರಿ ಕಡೆ ಹೋಗುವ ಬಸ್ ಅಲ್ಲಿ ನಿಲ್ಲುತ್ತದೆ. ಕಬ್ಬಿಣ ಯುಗದ ಮಣ್ಣಿನ ಏರಿಯ ಒಳಗೆ ನಾರ್ಮನ್ನರು ಕೋಟೆ ಕಟ್ಟಿದರು, ಪಕ್ಕದಲ್ಲೇ ಕೆಥೀಡ್ರಲ್ ಎಬ್ಬಿಸಿದರು. 1092ರಲ್ಲಿ ಅದರ ಪ್ರತಿಷ್ಠೆಯಾಯಿತು. ಗಾಳಿ, ನೀರಿನ ಕೊರತೆ, ಕೋಟೆಯ ಸೈನಿಕರೊಂದಿಗಿನ ಜಗಳ, ಇವುಗಳಿಂದ ಬೇಸತ್ತ ಪಾದ್ರಿಗಳು 1220ರಲ್ಲಿ ಕೆಳಗಿನ ನದಿಬಯಲಿನಲ್ಲಿ ಹೊಸ ಕೆಥೀಡ್ರಲ್‌ಗೆ ಅಡಿಗಲ್ಲು ಹಾಕಿದರು. ಊರೂ ಅವರ ಹಿಂದೆಯೇ ಇಳಿಯಿತು. ಜನರೇ ಉಳಿಯದ ಈ ದಿಬ್ಬ ಮಾತ್ರ 1832ರವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಆ ಸೀಟನ್ನು ಕೊಂಡವರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಪಿಟ್ ಒಬ್ಬ. ಗೋಲ್ಕೊಂಡ ಸೀಮೆಯ ದೊಡ್ಡ ವಜ್ರವನ್ನು ಕೊಂಡು 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದವನು ಅವನೇ.

ಹೊರ ಏರಿಯ ಮೇಲೆ ಒಂದು ಸುತ್ತು ನಡೆಯಲು ದುಡ್ಡಿಲ್ಲ, ಒಳಗಿನ ಕೋಟೆಗೆ ಮಾತ್ರ ಟಿಕೆಟ್. ಸಮಯ ಕಡಿಮೆಯಿದ್ದರೆ ಹೊರ ಸುತ್ತೇ ಸಾಕು. ಹಳೆಯ ಕೆಥೀಡ್ರಲ್‌ನ ತಳಪಾಯ ಹುಲ್ಲಿನ ಮೇಲೆ ನಕ್ಷೆ ಬಿಡಿಸಿದಂತೆ ಕಾಣುತ್ತದೆ, ಅದರಾಚೆ ಕೆಳಗೆ ಹೊಸದರ ಶಿಖರ.

ಈಗ ಕೆಳಗಿಳಿದು ಕೆಥೀಡ್ರಲ್. ನೇರ ಬಾಗಿಲಿಗೆ ಹೋಗಬೇಡಿ. ಸೇಂಟ್ ಆನ್ಸ್ ಗೇಟ್ ಬಳಿ ಆವರಣದ ಗೋಡೆಯನ್ನು ಹತ್ತಿರದಿಂದ ನೋಡಿ. ಸಾದಾ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆತ್ತನೆಯ ತುಂಡು ಕಾಣುತ್ತದೆ. ಅವು ಬೆಟ್ಟದ ಮೇಲಿನ ಹಳೆಯ ಕೆಥೀಡ್ರಲ್‌ನ ಕಲ್ಲುಗಳು, 14ನೇ ಶತಮಾನದಲ್ಲಿ ಕಿತ್ತು ತಂದು ಇಲ್ಲಿ ಸೇರಿಸಿದ್ದು.

ಮುಖ್ಯ ಕಟ್ಟಡ 1258ಕ್ಕೆ, ಅಂದರೆ 38 ವರ್ಷದಲ್ಲಿ ಮುಗಿಯಿತು. ಉಳಿದ ಕೆಥೀಡ್ರಲ್‌ಗಳು ನೂರಾರು ವರ್ಷ ಎಳೆದು ನಾಲ್ಕೈದು ಶೈಲಿಗಳ ಕಲಬೆರಕೆಯಾದರೆ ಇದು ಒಂದೇ ಕೈಯಿಂದ ಬಂದಂತಿರಲು ಇದೇ ಕಾರಣ. 123 ಮೀಟರ್ ಎತ್ತರದ ಶಿಖರ ಮೂಲ ಯೋಜನೆಯಲ್ಲಿರಲಿಲ್ಲ, 14ನೇ ಶತಮಾನದ ಮೊದಲ ಭಾಗದಲ್ಲಿ ಏರಿಸಿದ್ದು. ಗೋಪುರ ಶಿಖರ ಸೇರಿ ಸುಮಾರು 6,500 ಟನ್ ಭಾರ, ಒಂದೂಕಾಲು ಮೀಟರ್ ಆಳದ ತಳಪಾಯದ ಮೇಲೆ. ಇಷ್ಟು ಆಳವಿಲ್ಲದ ತಳಪಾಯ ಹೇಗೆ ಹೊತ್ತಿದೆ ಎಂದರೆ ಅಡಿಯಲ್ಲಿರುವುದು ಒದ್ದೆ ಜಲ್ಲಿಪದರ, ಅದು ಕುಸಿಯದೆ ಹಿಡಿದುಕೊಂಡಿದೆ. ಭಾರದ ಪರಿಣಾಮ ಕಣ್ಣಿಗೆ ಕಾಣುತ್ತದೆ: ಶಿಲುಬೆಯಾಕಾರದ ಕಟ್ಟಡದ ನಾಲ್ಕೂ ತೋಳು ಸೇರುವ ನಡುಜಾಗದಲ್ಲಿ ನಿಂತು ದೊಡ್ಡ ಕಂಬವೊಂದಕ್ಕೆ ಕೆನ್ನೆ ತಾಗಿಸುವಷ್ಟು ಹತ್ತಿರ ಬಂದು ತಲೆಯೆತ್ತಿ. ಕಂಬ ಬಾಗಿದೆ. ಪೂರ್ವದ ಚಿಕ್ಕ ಅಡ್ಡತೋಳುಗಳಲ್ಲಿ ಒಂದರ ಮೇಲೊಂದು ತಲೆಕೆಳಗಾಗಿ ನಿಂತ ಕಮಾನುಗಳನ್ನು ಕಟ್ಟಿದ್ದು ಅಂದಕ್ಕಲ್ಲ, ಬಾಗು ಹೆಚ್ಚದಿರಲಿ ಎಂದು.

ಒಳಗೆ ತಪ್ಪದೆ ನೋಡಬೇಕಾದ್ದು ಎರಡು. 1386ರ ಸುಮಾರಿನದೆಂದು ಹೇಳುವ ಗಡಿಯಾರಕ್ಕೆ ಮುಖಫಲಕವೇ ಇಲ್ಲ. ಗಂಟೆ ಬಾರಿಸಲೆಂದು ಮಾಡಿದ ಕಬ್ಬಿಣದ ಚೌಕಟ್ಟು ಅದು, ಮುಳ್ಳು ಹುಡುಕುತ್ತಾ ಮುಂದೆ ಹೋಗುವವರೇ ಹೆಚ್ಚು. ಪಾದ್ರಿಗಳ ಸಭಾಮಂದಿರವಾದ ಎಂಟು ಮೂಲೆಯ ಚಾಪ್ಟರ್ ಹೌಸ್‌ನಲ್ಲಿ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಒಪ್ಪಂದ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಒಂದಿದೆ. ಬೆಳಕಿನಿಂದ ಶಾಯಿ ಹಾಳಾಗದಿರಲಿ ಎಂದು ಕತ್ತಲ ಗೂಡಿನಲ್ಲಿಟ್ಟಿದ್ದಾರೆ, ಅಲ್ಲಿ ಫೋಟೋ ಇಲ್ಲ.

ಗೋಪುರ ಹತ್ತುವುದು ಬೇರೆ ಟಿಕೆಟ್, ಮಾರ್ಗದರ್ಶಕರ ಜೊತೆ, 332 ಮೆಟ್ಟಿಲು. ಸುರುಳಿ ಮೆಟ್ಟಿಲಿನಲ್ಲಿ ಎದುರು ಬದುರು ಸರಿಯಲು ಜಾಗವಿಲ್ಲ, ಮಂಡಿನೋವಿದ್ದವರು ನಡುವೆ ಹಿಂತಿರುಗುವುದೂ ಕಷ್ಟ. ಸಂಜೆಯ ಹಾಡಿನ ಪ್ರಾರ್ಥನೆಗೆ ಟಿಕೆಟ್ ಇಲ್ಲ, ಯಾವ ಧರ್ಮದವರೂ ಕೂರಬಹುದು. ಆದರೆ ಆಗ ಓಡಾಡಿ ನೋಡಲಾಗದು.

5. ಎರಡನೇ ದಿನ: ಸ್ಟೋನ್‌ಹೆಂಜ್, ಬೇಗ ಮುಗಿಸಿ

ಸಾಲ್ಸ್‌ಬರಿ ರೈಲು ನಿಲ್ದಾಣದ ಹೊರಗಿಂದಲೇ ಪ್ರವಾಸಿ ಬಸ್ ಹೊರಡುತ್ತದೆ. ದಿನದ ಮೊದಲ ಪ್ರವೇಶ ಸಮಯವನ್ನೇ ಹಿಡಿಯಿರಿ, ಲಂಡನ್ ಕೋಚ್‌ಗಳು ಹತ್ತೂವರೆ ಹನ್ನೊಂದರ ಮೇಲೆ ಬಂದು ತುಂಬಿಕೊಳ್ಳುತ್ತವೆ. ಸ್ವಾಗತ ಕಟ್ಟಡದಿಂದ ಕಲ್ಲುಗಳು ಸುಮಾರು 2.4 ಕಿ.ಮೀ. ದೂರ. ಷಟಲ್ ಬಸ್ ಇದೆ. ಕಾಲು ಗಟ್ಟಿಯಿದ್ದವರು ಹೋಗುವಾಗ ನಡೆಯಲಿ, ಇಲ್ಲವೇ ನಡುದಾರಿಯ ಫಾರ್ಗೋ ತೋಪಿನಲ್ಲಿ ಇಳಿದು ಅಲ್ಲಿಂದ ನಡೆಯಲಿ. ಹುಲ್ಲುಗಾವಲಿನ ಮೇಲೆ ಗೋರಿದಿಬ್ಬಗಳ ಸಾಲು ದಾಟಿ ಬಂದಾಗಷ್ಟೇ ಇದೊಂದು ಒಂಟಿ ಕಟ್ಟಡವಾಗಿರಲಿಲ್ಲ, ಇಡೀ ಬಯಲೇ ಸ್ಮಶಾನವೂ ಜಾತ್ರೆಯ ಜಾಗವೂ ಆಗಿತ್ತು ಎಂಬುದು ಹೊಳೆಯುತ್ತದೆ.

ಕಲ್ಲು ಮುಟ್ಟಲು ಬಿಡುವುದಿಲ್ಲ, ಹಗ್ಗದಾಚೆಯಿಂದ ಸುತ್ತಬೇಕು. ಒಳಗೇ ಹೋಗಬೇಕೆಂದರೆ ಮಾಮೂಲಿ ಸಮಯದ ಹೊರಗೆ, ಬೆಳಗಿನ ಜಾವ ಅಥವಾ ಸಂಜೆ, ಕೆಲವೇ ಜನರಿಗೆ ವಿಶೇಷ ಪ್ರವೇಶವಿದೆ. ತಿಂಗಳುಗಟ್ಟಲೆ ಮುಂಚೆ ಮುಗಿದುಹೋಗುತ್ತದೆ.

ಸುತ್ತುವಾಗ ಎಲ್ಲಕ್ಕಿಂತ ಎತ್ತರದ ಒಂಟಿ ಕಲ್ಲನ್ನು ಹುಡುಕಿ. ಅದರ ನೆತ್ತಿಯ ಮೇಲೆ ಕಲ್ಲಿನಲ್ಲೇ ಕೆತ್ತಿದ ಒಂದು ಉಬ್ಬು ಎದ್ದು ಕಾಣುತ್ತದೆ. ಅಡ್ಡ ಮಲಗಿಸುವ ತೊಲೆಗಲ್ಲಿನ ಅಡಿಯಲ್ಲಿ ಗುಳಿ ಕೊರೆದು, ಬಡಗಿಗಳು ಮರ ಸೇರಿಸುವ ಕ್ರಮದಲ್ಲೇ ಆ ಉಬ್ಬಿಗೆ ಕೂರಿಸುತ್ತಿದ್ದರು. ಜೊತೆಯ ಕಲ್ಲು ಬಿದ್ದದ್ದರಿಂದ ಈ ಜೋಡಣೆ ಬಯಲಾಗಿದೆ. ವಾಲಿದ್ದ ಇದನ್ನು 1901ರಲ್ಲಿ ನೆಟ್ಟಗೆ ನಿಲ್ಲಿಸಿದರು. ಸಾರ್ಸನ್ ಎಂಬ ಗಟ್ಟಿ ಮರಳುಗಲ್ಲಿನ ದೊಡ್ಡ ಕಲ್ಲುಗಳು ಸರಾಸರಿ 25 ಟನ್, ಸುಮಾರು 25 ಕಿ.ಮೀ. ಉತ್ತರದ ವೆಸ್ಟ್ ವುಡ್ಸ್‌ನಿಂದ ಬಂದವು. ಚಿಕ್ಕ ನೀಲಿಗಲ್ಲುಗಳು ಬಂದದ್ದು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಿಂದ, ಇನ್ನೂರಕ್ಕೂ ಹೆಚ್ಚು ಕಿ.ಮೀ. ದೂರ. ಒಟ್ಟು ಎರಡೂವರೆ ಗಂಟೆ ಸಾಕು. ಇಲ್ಲಿ ಮರದ ನೆರಳಿಲ್ಲ, ಜುಲೈನಲ್ಲೂ ಗಾಳಿ ಕೊರೆಯುತ್ತದೆ. ಕಿವಿ ಮುಚ್ಚುವ ಟೋಪಿ ಇರಲಿ, ಕೊಡೆ ನಿಲ್ಲುವುದಿಲ್ಲ.

ಮಧ್ಯಾಹ್ನ ಸಾಲ್ಸ್‌ಬರಿಗೆ ಮರಳಿ ಪೇಟೆ ನಡುವಿನ ಸೇಂಟ್ ಥಾಮಸ್ ಚರ್ಚಿಗೆ ಹೋಗಿ. ಊರಿನ ಚರ್ಚನ್ನು ಓದಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಹತ್ತಿರದಲ್ಲಿಲ್ಲ.

6. ಊರ ಚರ್ಚನ್ನು ಓದುವುದು

ಇಂಗ್ಲೆಂಡಿನ ಯಾವ ಹಳ್ಳಿಗೆ ಹೋದರೂ ಅತ್ಯಂತ ಹಳೆಯ ಕಟ್ಟಡ ಸಾಮಾನ್ಯವಾಗಿ ಚರ್ಚೇ. ಒಳಗೆ ಹೋಗಲು ಟಿಕೆಟ್ ಇಲ್ಲ, ಚಪ್ಪಲಿ ಬಿಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಆದರೂ ಮುಕ್ಕಾಲು ಜನ ಬಾಗಿಲವರೆಗೆ ಬಂದು ಬೀಗ ಹಾಕಿದೆ ಎಂದು ತಿಳಿದು ಹೋಗುತ್ತಾರೆ. ಕಬ್ಬಿಣದ ದಪ್ಪ ಬಳೆಯ ಹಿಡಿ ಬಿಗಿಯಾಗಿರುತ್ತದೆ. ಎರಡೂ ಕಡೆಗೆ ತಿರುಗಿಸಿ ನೋಡಿ, ಒಳಗೆ ಅಗುಳಿ ಎದ್ದ ಸದ್ದು ಕೇಳಿದ ಮೇಲೆ ಭುಜ ಕೊಟ್ಟು ತಳ್ಳಿ. ನಿಜಕ್ಕೂ ಬೀಗವಿದ್ದರೆ ಮುಖಮಂಟಪದ ಸೂಚನಾ ಫಲಕದಲ್ಲಿ ಬೀಗದ ಕೈ ಯಾರ ಬಳಿ ಎಂದು ಬರೆದಿರುವುದುಂಟು. ಒಳಹೋದ ಮೇಲೆ ಜಾಲರಿ ಬಾಗಿಲು ಮುಚ್ಚಿ, ಇಲ್ಲವಾದರೆ ಹಕ್ಕಿ ಒಳಗೆ ಸೇರಿ ಹೊರಬರಲಾರದೆ ಸಾಯುತ್ತದೆ. ಪ್ರಾರ್ಥನೆ, ಮದುವೆ, ಶವಸಂಸ್ಕಾರ ನಡೆಯುತ್ತಿದ್ದರೆ ಹೊರಗೇ ಕಾಯಿರಿ.

ವಯಸ್ಸು ಹೇಳುವುದು ಕಿಟಕಿ. ಅರ್ಧವೃತ್ತದ ಕಮಾನು, ಗಿಡ್ಡ ದಪ್ಪ ಕಂಬ, ಕಮಾನಿನ ಅಂಚಿಗೆ ಹಲ್ಲುಹಲ್ಲಾಗಿ ಕೊರೆದ ಸಾಲು ಇದ್ದರೆ ನಾರ್ಮನ್, 1066ರಿಂದ 1190ರ ಆಸುಪಾಸು. ಮೊನೆಯಾದ, ಉದ್ದ, ತೀರಾ ಕಿರಿದಾದ ಒಂಟಿ ಕಿಟಕಿಗಳು ಒಂದರ ಪಕ್ಕ ಒಂದು ನಿಂತಿದ್ದರೆ 13ನೇ ಶತಮಾನ, ಸಾಲ್ಸ್‌ಬರಿ ಕೆಥೀಡ್ರಲ್ ಈ ಬಗೆಯದು. ಕಿಟಕಿಯ ಮೇಲ್ಭಾಗದಲ್ಲಿ ಕಲ್ಲಿನ ಬಳ್ಳಿ, ಹೂವು, ಜ್ವಾಲೆಯಂತೆ ಬಳುಕುವ ಜಾಲರಿ ಬಂದರೆ 1350ರವರೆಗಿನದು. ಆಮೇಲೆ ಗೆರೆಗಳು ನೆಟ್ಟಗಾಗುತ್ತವೆ: ಅಗಲವಾದ ಕಿಟಕಿ, ಮೇಲಿನಿಂದ ಕೆಳಗೆ ನೇರ ಕಂಬಿಗಳು, ಚಪ್ಪಟೆಯಾದ ಕಮಾನು. ಇದು 16ನೇ ಶತಮಾನದ ಆರಂಭದವರೆಗೆ ನಡೆಯಿತು. ಒಂದೇ ಚರ್ಚಿನಲ್ಲಿ ನಾಲ್ಕೂ ಇರುವುದೇ ಸಾಮಾನ್ಯ, ದುಡ್ಡು ಬಂದಾಗಲೆಲ್ಲ ಒಂದೊಂದು ಭಾಗ ಕೆಡವಿ ಕಟ್ಟುತ್ತಿದ್ದರು. ಎಲ್ಲವೂ ಚೊಕ್ಕಟವಾಗಿ ಒಂದೇ ತೆರನಾಗಿದ್ದರೆ ಅನುಮಾನಪಡಿ. 19ನೇ ಶತಮಾನದಲ್ಲಿ ವಿಕ್ಟೋರಿಯಾ ಕಾಲದವರು ಸಾವಿರಾರು ಚರ್ಚುಗಳನ್ನು ಹಳೆಯ ಮಾದರಿಯಲ್ಲೇ ಹೊಸದು ಮಾಡಿದ್ದಾರೆ. ಕಲ್ಲಿನ ಅಂಚು ಇನ್ನೂ ಚೂಪಾಗಿರುವುದೇ ಅದರ ಗುರುತು.

ದಕ್ಷಿಣ ಬಾಗಿಲ ಪಕ್ಕದ ಕಲ್ಲಿನಲ್ಲಿ, ಎದೆಮಟ್ಟದಲ್ಲಿ, ಅಂಗೈ ಅಗಲದ ಅರ್ಧವೃತ್ತ ಗೀಚಿ ನಡುವೆ ತೂತು ಕೊರೆದಿದೆಯೇ ನೋಡಿ. ತೂತಿಗೆ ಕಡ್ಡಿ ಸಿಕ್ಕಿಸಿ ನೆರಳು ಯಾವ ಗೆರೆಗೆ ಬಂತೆಂದು ಪೂಜೆಯ ಹೊತ್ತು ತಿಳಿಯುತ್ತಿದ್ದ ಬಿಸಿಲು ಗಡಿಯಾರ ಅದು. ನೋಡಲು ಹೋದವರು ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಗೀಚುಗಾಯ ಎಂದುಕೊಳ್ಳುತ್ತಾರೆ.

ಈಗ ಸೇಂಟ್ ಥಾಮಸ್‌ನ ಒಳಗೆ. ಪೂರ್ವ ದಿಕ್ಕಿನ ದೊಡ್ಡ ಕಮಾನಿನ ಮೇಲೆ ಗೋಡೆ ತುಂಬ, ಲೋಕದ ಕೊನೆಯಲ್ಲಿ ದೇವರು ಕೊಡುವ ಅಂತಿಮ ತೀರ್ಪಿನ ಚಿತ್ರವಿದೆ, 1475ರ ಸುಮಾರಿನದು. ಎಡಕ್ಕೆ ಗೋರಿಗಳಿಂದ ಏಳುವವರು, ಬಲಕ್ಕೆ ನರಕ. ನರಕದ ಪಾಲಾದವರಲ್ಲಿ ಕಿರೀಟದವನೂ ಇದ್ದಾನೆ, ಬಿಷಪ್ಪನೂ ಇದ್ದಾನೆ, ಅಳತೆಯಲ್ಲಿ ಮೋಸ ಮಾಡಿದ ಹೂಜಿ ಹಿಡಿದ ಹೆಂಡದಂಗಡಿಯವಳೂ ಇದ್ದಾಳೆ. ಇಂಗ್ಲೆಂಡ್ ರೋಮಿನ ಚರ್ಚಿನಿಂದ ಬೇರೆಯಾದ 16ನೇ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಇಂಥ ಚಿತ್ರಗಳಿಗೆಲ್ಲ ಸುಣ್ಣ ಬಳಿದರು, ಇದಕ್ಕೆ ಬಳಿದದ್ದು 1593ರಲ್ಲಿ. ಆ ಸುಣ್ಣವೇ ಇದನ್ನು ಉಳಿಸಿತು, 19ನೇ ಶತಮಾನದಲ್ಲಿ ಕೆರೆದು ತೆಗೆದರು. ಬೇರೆ ಚರ್ಚುಗಳಲ್ಲೂ ಬಿಳಿ ಗೋಡೆಯ ಮೇಲೆ ಮಾಸಿದ ಕಾವಿಬಣ್ಣದ ತೇಪೆ ಕಂಡರೆ ಅದೇ ಕಥೆ.

ಹೊರಡುವಾಗ ಗೋಡೆಯ ಪೆಟ್ಟಿಗೆಗೆ ಎರಡು ಮೂರು ಪೌಂಡ್ ಹಾಕಿ. ಸೂರಿನ ಸೀಸದ ಹಾಳೆಯನ್ನು ಕಳ್ಳರು ಕದಿಯುವುದು ಇಲ್ಲಿನ ದೊಡ್ಡ ಪಿಡುಗು, ದುರಸ್ತಿಯ ಖರ್ಚು ಊರವರ ತಲೆಯ ಮೇಲೇ ಬೀಳುತ್ತದೆ.

7. ಮೂರನೇ ದಿನ: ರೈಲಿನಲ್ಲಿ ಬ್ರಾಡ್‌ಫರ್ಡ್-ಆನ್-ಏವನ್

ಬಾತ್, ಬ್ರಿಸ್ಟಲ್ ಕಡೆ ಹೋಗುವ ರೈಲಿನಲ್ಲಿ ಮುಕ್ಕಾಲು ಗಂಟೆಯ ಆಸುಪಾಸು. ಇಲ್ಲಿ ನೋಡಬೇಕಾದ್ದೆಲ್ಲ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿದೆ, ಎರಡು ಮುಖ್ಯ ಕಟ್ಟಡಗಳಿಗೂ ಟಿಕೆಟ್ ಇಲ್ಲ. ನಮ್ಮ ಲೆಕ್ಕದಲ್ಲಿ ಇಡೀ ಪ್ರವಾಸದ ಅತ್ಯುತ್ತಮ ದಿನ ಇದೇ.

ಸೇಂಟ್ ಲಾರೆನ್ಸ್ ಚರ್ಚ್ ಸಾವಿರ ವರ್ಷದಷ್ಟು ಹಳೆಯದು. ಶತಮಾನಗಳ ಕಾಲ ಶಾಲೆಯಾಗಿ, ವಾಸದ ಮನೆಯಾಗಿ, ಸುತ್ತ ಕೊಟ್ಟಿಗೆ ಕಟ್ಟಡಗಳು ಸೇರಿಕೊಂಡು ಇದೊಂದು ಚರ್ಚ್ ಎಂಬುದೇ ಮರೆತುಹೋಗಿತ್ತು. 1850ರ ದಶಕದಲ್ಲಿ ಊರ ಪಾದ್ರಿಯೊಬ್ಬರು ಗುರುತಿಸಿದರು. ಒಳಗೆ ಕಿಟಕಿ ಚಿಕ್ಕವು, ಛಾವಣಿ ಅಗಲಕ್ಕೆ ಮೀರಿದ ಎತ್ತರ. ಪೂಜಾಪೀಠವಿರುವ ಪೂರ್ವಭಾಗಕ್ಕೆ, ಅಂದರೆ ಚಾನ್ಸೆಲ್‌ಗೆ, ಹೋಗುವ ಕಮಾನು ಒಬ್ಬರು ಹಾಯುವಷ್ಟೇ ಅಗಲ. ಅದರ ಮೇಲೆ ಎತ್ತರದಲ್ಲಿ ಕೈಯಲ್ಲಿ ಬಟ್ಟೆ ಹಿಡಿದು ಅಡ್ಡಡ್ಡ ಹಾರುವ ಇಬ್ಬರು ದೇವದೂತರ ಉಬ್ಬುಶಿಲ್ಪವಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದು ನಿಮಿಷ ಬೇಕು, ಅಷ್ಟರೊಳಗೆ ಹೊರಟವರಿಗೆ ಅವರು ಕಾಣುವುದಿಲ್ಲ.

ನದಿ ದಾಟಿ ಹತ್ತು ಹದಿನೈದು ನಿಮಿಷ ನಡೆದರೆ ಕಣಜ. 14ನೇ ಶತಮಾನದ ಮೊದಲ ಭಾಗದಲ್ಲಿ ಶಾಫ್ಟ್‌ಸ್‌ಬರಿ ಮಠದ ಸನ್ಯಾಸಿನಿಯರಿಗಾಗಿ ಕಟ್ಟಿದ್ದು. 51 ಮೀಟರ್ ಉದ್ದ, ಹದಿನಾಲ್ಕು ಅಂಕಣ. ಒಳಗೆ ನಿಂತು ಮೇಲೆ ನೋಡಿ: ಬಾಗಿದ ಓಕ್ ಮರದ ಜೋಡಿಗಳು ಗೋಡೆಯ ನಡುವಿನಿಂದ ಎದ್ದು ಕಲ್ಲುಹೆಂಚಿನ ಛಾವಣಿಯನ್ನು ಹೊತ್ತಿವೆ. ನಡುವೆ ಒಂದು ಕಂಬವೂ ಇಲ್ಲ. ಗಾಡಿ ಒಂದು ಕಡೆಯಿಂದ ಒಳಬಂದು ಖಾಲಿ ಮಾಡಿ ತಿರುಗದೆ ಮತ್ತೊಂದು ಕಡೆಯಿಂದ ಹೊರಹೋಗಲೆಂದು ಎದುರುಬದುರು ಬಾಗಿಲುಗಳು. ಎರಡೂ ತೆರೆದರೆ ಹಾಯುವ ಗಾಳಿಯಲ್ಲಿ ಧಾನ್ಯ ತೂರಲೂ ಆಗುತ್ತಿತ್ತು. ಗೋಡೆಯಲ್ಲಿನ ಕಿರಿದಾದ ಸೀಳುಗಳು ಗಾಳಿಯಾಡಲು.

8. ಕಾರಿದ್ದರೆ: ಏವ್ಬರಿ ಮತ್ತು ಲೇಕಾಕ್

ಭಾರತದ ಲೈಸೆನ್ಸ್ ಇದ್ದವರು ಬಂದ ದಿನದಿಂದ 12 ತಿಂಗಳು ಓಡಿಸಬಹುದು. ಎಡಗಡೆಯೇ ಸಂಚಾರ, ಆದ್ದರಿಂದ ಅದು ಸಮಸ್ಯೆಯಲ್ಲ. ಸಮಸ್ಯೆ ಹಳ್ಳಿದಾರಿಯದು: ಎರಡೂ ಕಡೆ ಆಳೆತ್ತರದ ಬೇಲಿ, ಒಂದೇ ಗಾಡಿಯ ಅಗಲ, ತಿರುವಿನಾಚೆ ಟ್ರಾಕ್ಟರ್. ಅಲ್ಲಲ್ಲಿ ಅಗಲವಾದ ಜಾಗ ಬಿಟ್ಟಿರುತ್ತಾರೆ, ಅದಕ್ಕೆ ಯಾರು ಹತ್ತಿರವೋ ಅವರು ಹಿಂದೆ ಸರಿಯುವುದು ರೂಢಿ, ದಾರಿ ಬಿಟ್ಟವರಿಗೆ ಕೈ ಎತ್ತುವುದು ಮರ್ಯಾದೆ. ಬಿಳಿ ಚಕ್ರದ ಮೇಲೆ ಕಪ್ಪು ಅಡ್ಡಗೆರೆ ಕಂಡರೆ ಮಿತಿ ಗಂಟೆಗೆ 60 ಮೈಲಿ ಎಂದರ್ಥ, ಅಷ್ಟು ವೇಗ ಹೋಗಬೇಕೆಂದಲ್ಲ. ಪಿನ್‌ಕೋಡ್ ನಂಬಿದರೆ ಯಾರದೋ ಹೊಲದ ಗೇಟಿಗೆ ಹೋಗಿ ನಿಲ್ಲುತ್ತೀರಿ, ಹಳ್ಳಿಯಲ್ಲಿ ಒಂದು ಪಿನ್‌ಕೋಡ್ ಬಹಳ ದೂರ ಹರಡಿರುತ್ತದೆ. ಕೊನೆಯ ಎರಡು ಮೂರು ಮೈಲಿ ಬಿಳಿ ಅಕ್ಷರದ ಕಂದು ಫಲಕ ಹಿಡಿದು ಹೋಗಿ.

ಏವ್ಬರಿಯೂ ಶಿಲಾಯುಗದ ಕಲ್ಲಿನ ವೃತ್ತ, ಅದರ ಹೊರವೃತ್ತ ಸುಮಾರು 330 ಮೀಟರ್ ಅಡ್ಡಗಲ. ಒಳಗೆ ಹಳ್ಳಿ, ರಸ್ತೆ, ಪಬ್ ಎಲ್ಲವೂ ಇವೆ. ಪ್ರವೇಶಕ್ಕೆ ದುಡ್ಡಿಲ್ಲ, ಪಾರ್ಕಿಂಗ್‌ಗೆ ಮಾತ್ರ. ಕಲ್ಲು ಮುಟ್ಟಬಹುದು, ಒರಗಿ ಕೂರಬಹುದು. ಬಿದ್ದು ಹೂತಿದ್ದ ಹಲವನ್ನು 1930ರ ದಶಕದಲ್ಲಿ ಮಾರ್ಮಲೇಡ್ ವ್ಯಾಪಾರದ ಮನೆತನದ ಅಲೆಕ್ಸಾಂಡರ್ ಕೀಲರ್ ಎತ್ತಿ ನಿಲ್ಲಿಸಿದ. ಕಲ್ಲೇ ಸಿಗದ ಕಡೆ ಕಾಂಕ್ರೀಟ್ ಗುರುತು ನೆಟ್ಟ. ಇಲ್ಲಿನ ಸೇಂಟ್ ಜೇಮ್ಸ್ ಚರ್ಚ್ ಬಿಡಬೇಡಿ, ನಾರ್ಮನ್ ಕಾಲದ ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಸರ್ಪಗಳೊಡನೆ ಹೋರಾಡುವ ಬಿಷಪ್‌ನ ಕೆತ್ತನೆ ಇದೆ. ಹತ್ತಿರದ ಸಿಲ್ಬರಿ ದಿಬ್ಬ ಹತ್ತುವುದು ನಿಷಿದ್ಧ.

ಲೇಕಾಕ್‌ನಲ್ಲಿ 1232ರಲ್ಲಿ ಸಾಲ್ಸ್‌ಬರಿಯ ಕೌಂಟೆಸ್ ಎಲಾ ಕಟ್ಟಿಸಿದ ಮಠ 1539ರಲ್ಲಿ ಮುಚ್ಚಿ ಬಂಗಲೆಯಾಯಿತು. ಕೆಳಗೆ ಮಠದ ಮೊಗಸಾಲೆ, ಮೇಲೆ ಶ್ರೀಮಂತರ ಮನೆ. ದಕ್ಷಿಣ ಗ್ಯಾಲರಿಯ ಚಿಕ್ಕ ಚೌಕಗಳ ಕಿಟಕಿಯನ್ನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಆಗಸ್ಟ್ 1835ರಲ್ಲಿ ಚಿತ್ರಕ್ಕಿಳಿಸಿದ. ಉಳಿದಿರುವ ಅತ್ಯಂತ ಹಳೆಯ ಫೋಟೋ ನೆಗೆಟಿವ್ ಅದು. ಅಂಚೆಚೀಟಿಗಿಂತ ತುಸು ದೊಡ್ಡದಾದ ಆ ಕಾಗದದಲ್ಲಿ ಕಿಟಕಿಯ ಸುಮಾರು 200 ಗಾಜುಗಳನ್ನು ಭೂತಗನ್ನಡಿಯಲ್ಲಿ ಎಣಿಸಬಹುದಿತ್ತೆಂದು ಅವನೇ ಬರೆದಿಟ್ಟಿದ್ದಾನೆ. ಊರಿನ ಮನೆಗಳಲ್ಲಿ ಬಾಡಿಗೆದಾರರಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ. ಬಸ್ಸಿನಲ್ಲಾದರೆ ಚಿಪ್ಪನ್‌ಹ್ಯಾಮ್ ರೈಲು ನಿಲ್ದಾಣದ ಊರಿನಿಂದ ಇಲ್ಲಿಗೆ, ಸ್ವಿಂಡನ್‌ನಿಂದ ಏವ್ಬರಿಗೆ. ಒಂದೇ ದಿನ ಎರಡೂ ಬಸ್ಸಿನಲ್ಲಿ ಆಗದ ಮಾತು.

9. ಊಟ, ಬಟ್ಟೆ, ನಕ್ಷೆ

ಪಬ್ ರಾತ್ರಿಯವರೆಗೆ ತೆರೆದಿದ್ದರೂ ಅಡಿಗೆಮನೆ ಮಧ್ಯಾಹ್ನ ಎರಡು ಎರಡೂವರೆಗೆ ಮುಚ್ಚಿ ಆರರ ಮೇಲೆ ತೆರೆಯುತ್ತದೆ. ಮೂರಕ್ಕೆ ಹೋದರೆ ಸಿಗುವುದು ಚಿಪ್ಸ್ ಪೊಟ್ಟಣ. ಸಸ್ಯಾಹಾರಿಗಳಿಗೆ ಪ್ರವಾಸಿ ತಾಣಗಳ ಟೀ ಕೋಣೆಯೇ ವಾಸಿ: ಚೀಸ್ ಅಥವಾ ಬೀನ್ಸ್ ಹಾಕಿದ ಸುಟ್ಟ ಆಲೂಗಡ್ಡೆ, ಆ ದಿನದ ಸೂಪು, ಜಾಮ್ ಮತ್ತು ಗಟ್ಟಿ ಕೆನೆಯ ಜೊತೆ ಸ್ಕೋನ್. ಸೂಪಿಗೆ ಮಾಂಸದ ಸಾರು ಬಳಸಿದ್ದಾರೆಯೇ ಎಂದು ಕೇಳಿ. ಬುತ್ತಿ ಕಟ್ಟಿಕೊಂಡರೆ ಕೆಥೀಡ್ರಲ್ ಆವರಣದ ಹುಲ್ಲಿನ ಮೇಲೂ ಏವ್ಬರಿಯಲ್ಲೂ ಕೂತು ತಿನ್ನಲು ಯಾರೂ ಅಡ್ಡಿ ಮಾಡುವುದಿಲ್ಲ.

ಚಪ್ಪಲಿ ಬೇಡ, ಹಿಡಿತವಿರುವ ಬೂಟು ಬೇಕು. ಸೀರೆ ಉಡುವವರಿಗೆ ಒದ್ದೆ ಹುಲ್ಲು ಮೊಣಕಾಲವರೆಗೆ ನೆನೆಸುತ್ತದೆ. ಬಂಗಲೆಗಳಲ್ಲಿ ಚೂಪು ಹಿಮ್ಮಡಿಗೆ ಪ್ರವೇಶವಿಲ್ಲ, ಬೆನ್ನಚೀಲವನ್ನು ಎದೆಗೆ ಹಾಕಿಕೊಳ್ಳಲು ಹೇಳುತ್ತಾರೆ, ಫ್ಲಾಶ್ ನಿಷೇಧ. ಗಾಲಿಕುರ್ಚಿ ಬೇಕಿದ್ದರೆ ಮೊದಲೇ ಫೋನ್ ಮಾಡಿದರೆ ದೊಡ್ಡ ತಾಣಗಳು ಒದಗಿಸುತ್ತವೆ.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ನಕ್ಷೆಯಲ್ಲಿ ನಾಲ್ಕು ಸೆಂ.ಮೀ. ಒಂದು ಕಿ.ಮೀ.ಗೆ ಸಮ. ಕಪ್ಪು ಚೌಕದ ಮೇಲೆ ಶಿಲುಬೆ ಇದ್ದರೆ ಗೋಪುರದ ಚರ್ಚ್, ಕಪ್ಪು ವೃತ್ತವಾದರೆ ಶಿಖರದ್ದು, ಬರೀ ಶಿಲುಬೆಯಾದರೆ ಎರಡೂ ಇಲ್ಲದ್ದು. ಹಳೆಯ ಕಾಲದ ಬಳುಕು ಅಕ್ಷರದಲ್ಲಿ ಹೆಸರಿದ್ದರೆ ಅದು ಪ್ರಾಚೀನ ತಾಣ. ಹಸಿರು ಚುಕ್ಕೆಗೆರೆಗಳು ಹೊಲದ ನಡುವೆಯೇ ನಡೆಯಲು ಹಕ್ಕಿರುವ ಕಾಲುದಾರಿ. ನೀವು ತೆರೆದ ಗೇಟನ್ನು ಮತ್ತೆ ಮುಚ್ಚಿ.

10. ಇನ್ನೊಂದೆರಡು ದಿನ ಮಿಕ್ಕರೆ

ಶ್ರೀರಂಗಪಟ್ಟಣದ ನಂಟಿರುವ ಬಂಗಲೆ ನೋಡಬೇಕೆಂದರೆ ಕೆಂಟ್‌ನ ಫೇವರ್‌ಶ್ಯಾಮ್ ಬಳಿ ಬೆಲ್‌ಮಾಂಟ್ ಇದೆ. 1799ರಲ್ಲಿ ಟಿಪ್ಪುವಿನ ಮೇಲಿನ ಕೊನೆಯ ದಂಡಿನ ಸೇನಾಪತಿ ಜಾರ್ಜ್ ಹ್ಯಾರಿಸ್ 1801ರಲ್ಲಿ ಇದನ್ನು ಕೊಂಡ. 1815ರಲ್ಲಿ ಅವನಿಗೆ ಸಿಕ್ಕ ಬಿರುದಿನಲ್ಲಿ ಶ್ರೀರಂಗಪಟ್ಟಣವೂ ಮೈಸೂರೂ ಇವೆ. ಹೊರಗೋಡೆ ಇಟ್ಟಿಗೆಯಂತೆ ಕಂಡರೂ ಒಂದರ ಮೇಲೊಂದು ಹೊಂದಿಸಿದ ಹೆಂಚು. ಒಳಗೆ ವಂಶದ ಐದನೆಯ ಹ್ಯಾರಿಸ್ ಕೂಡಿಸಿದ ಗಡಿಯಾರಗಳ ದೊಡ್ಡ ಸಂಗ್ರಹ. ಬೇಸಿಗೆಯಲ್ಲಿ ಗೊತ್ತಾದ ದಿನಗಳಲ್ಲಿ, ಮಾರ್ಗದರ್ಶಕರೊಂದಿಗೆ ಮಾತ್ರ ಪ್ರವೇಶ.

ಆಗಸ್ಟ್‌ನಲ್ಲಿ ವಿಲ್ಟ್‌ಷೈರಿನಲ್ಲೇ ಇದ್ದರೆ ಇಂಬರ್ ಹಳ್ಳಿಯ ದಿನಾಂಕ ನೋಡಿಕೊಳ್ಳಿ. ಯುದ್ಧಾಭ್ಯಾಸಕ್ಕೆಂದು 1943ರಲ್ಲಿ ಸೇನೆ ಊರವರನ್ನೆಲ್ಲ ಎಬ್ಬಿಸಿ ಕಳಿಸಿತು, ಅವರು ಮರಳಲಿಲ್ಲ. ಸೇಂಟ್ ಗೈಲ್ಸ್ ಚರ್ಚ್ ವರ್ಷದ ಕೆಲವೇ ದಿನ ತೆರೆಯುತ್ತದೆ. ಬೇಸಿಗೆಯ ಒಂದು ದಿನ ವಾರ್ಮಿನ್‌ಸ್ಟರ್ ನಿಲ್ದಾಣದಿಂದ ಲಂಡನ್ನಿನ ಹಳೆಯ ಕೆಂಪು ಡಬಲ್ ಡೆಕ್ಕರ್‌ಗಳು ಅಲ್ಲಿಗೆ ಓಡುತ್ತವೆ. ರಸ್ತೆ ಬಿಟ್ಟು ಕೆಳಗಿಳಿಯಬೇಡಿ, ಸುತ್ತಲ ಹುಲ್ಲಿನಲ್ಲಿ ಸಿಡಿಯದ ಗುಂಡುಗಳಿವೆ. ಬೇರೆ ದಿನಗಳಲ್ಲಿ ಬಯಲಿನಂಚಿನಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಗುಂಡು ಹಾರಿಸುವ ಅಭ್ಯಾಸ ನಡೆದಿದೆ ಎಂದರ್ಥ, ಅಲ್ಲಿಂದಲೇ ಹಿಂತಿರುಗಿ.